ಮೂರೂವರೆ ಸೆಕೆಂಡಿನ ವಾದ್ಯಗೋಷ್ಠಿ

ಕಳೆದ ರಾಜ್ಯೋತ್ಸವದ ದಿನ ನಮ್ಮ ಶಾಲೆಯ ಹಾಲ್‌ನ ಮೂಲೆಯಲ್ಲಿ, ಕಾಫಿ-ಬೋಂಡಾ ಮೇಜಿನ ಪಕ್ಕ, ಒಂದು ಹಳೇ ಡಬ್ಬಾ ಟಿವಿ ಇಟ್ಟಿದ್ದು ನೆನಪಿದೆಯಾ? ಅದರಲ್ಲಿ ಒಬ್ಬ ಪುಟ್ಟ ಹುಡುಗಿ ಸಂತೆಯಲ್ಲಿ ತರಕಾರಿ ಆರಿಸಿಕೊಂಡು, ಹಸು ಸೈಕಲ್ಲುಗಳಿಂದ ತಪ್ಪಿಸಿಕೊಂಡು, ಕತ್ತಲಾಗೋ ಮುಂಚೆ ಅಜ್ಜಿ ಮನೆ ಸೇರಬೇಕಿತ್ತು. ಆ ಆಟವನ್ನು ಮಾಡಿದ್ದು ನಮ್ಮ ದೊಡ್ಡ ಮಕ್ಕಳ ತರಗತಿಯ ಮೂವರು. ಅವರಲ್ಲಿ ಒಬ್ಬಳು ನನ್ನ ಮಗಳು. ನಾನು ಪ್ರೋಗ್ರಾಂ ಬರೆಯುವುದಕ್ಕೆ ಸಹಾಯ ಮಾಡಿದೆ, ಮತ್ತೆ ಟಿವಿ ಹೊತ್ತುಕೊಂಡು ಬಂದೆ.

ಆ ದಿನ ತುಂಬಾ ಜನ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಅಂಕಲ್, ಆ ಮ್ಯೂಸಿಕ್ ಎಲ್ಲಿಂದ ಡೌನ್‌ಲೋಡ್ ಮಾಡಿದ್ರಿ?" ಎಲ್ಲಿಂದಲೂ ಇಲ್ಲ. ಅದರಲ್ಲಿ ಕೇಳಿದ ಒಂದೊಂದು ಶಬ್ದವೂ ನಾವೇ ರೆಕಾರ್ಡ್ ಮಾಡಿದ್ದು. ಬೋಂಡಾ ಗದ್ದಲದಲ್ಲಿ ಅದನ್ನೆಲ್ಲ ವಿವರಿಸೋಕೆ ಆಗಲಿಲ್ಲ. ಹಾಗಾಗಿ ಈ ಲೇಖನ.

ಆಟ ಓಡಿದ್ದು ಸೂಪರ್ ನಿಂಟೆಂಡೊ ಅನ್ನುವ ಯಂತ್ರದ ಮೇಲೆ. ಜಪಾನಿನಲ್ಲಿ ಇದು 1990ರ ನವೆಂಬರ್‌ನಲ್ಲಿ ಸೂಪರ್ ಫ್ಯಾಮಿಕಾಮ್ ಅನ್ನುವ ಹೆಸರಲ್ಲಿ ಬಂತು, ಮರುವರ್ಷ ಅಮೆರಿಕಕ್ಕೆ. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಬಹಳಷ್ಟು ಜನ ಊರಲ್ಲಿ ಆಡಿದ್ದು ಇದನ್ನಲ್ಲ. ಬೇಸಿಗೆ ರಜದಲ್ಲಿ ಬಾಡಿಗೆಗೆ ತರುತ್ತಿದ್ದ "ಟಿವಿ ಗೇಮ್" ಇತ್ತಲ್ಲ, ಅದು ಇದರ ಅಣ್ಣ ಫ್ಯಾಮಿಕಾಮ್‌ನ ನಕಲು. ಅದರ ಕ್ಯಾಸೆಟ್ ಮೇಲೆ ಒಂದರಲ್ಲಿ 9999 ಆಟ ಅಂತ ಬರೆದಿರುತ್ತಿದ್ದರು, ಒಳಗೆ ನಿಜವಾಗಿ ಇರುತ್ತಿದ್ದದ್ದು ಹತ್ತೋ ಹನ್ನೆರಡೋ. ಅದರಲ್ಲಿ ಸಂಗೀತ ಎಂದರೆ ಚಿಪ್ಪೇ ಹುಟ್ಟಿಸುವ "ಪೀಂ ಪೀಂ" ಮತ್ತು "ಭುಸ್ಸ್". ಬೇರೆ ಬೇರೆ ಆಟಗಳಲ್ಲೂ ವಾದ್ಯಗಳು ಹೆಚ್ಚುಕಡಿಮೆ ಅವೇ.

ಸೂಪರ್ ನಿಂಟೆಂಡೊ ಬೇರೆ ಥರ. ಅದರ ಸಂಗೀತದ ಚಿಪ್ಪಿಗೆ ತನ್ನದು ಅಂತ ಯಾವ ವಾದ್ಯವೂ ಇಲ್ಲ. ನೀವು ರೆಕಾರ್ಡ್ ಮಾಡಿದ ಚಿಕ್ಕ ಚಿಕ್ಕ ಶಬ್ದಗಳನ್ನು ಕೊಟ್ಟರೆ, ಅದನ್ನೇ ಬೇರೆ ಬೇರೆ ಎತ್ತರದಲ್ಲಿ, ಒಟ್ಟಿಗೆ ಎಂಟು ದನಿಗಳಲ್ಲಿ ನುಡಿಸಿ ಕೊಡುತ್ತದೆ. ಈ ಚಿಕ್ಕ ಶಬ್ದಗಳ ಕಟ್ಟಿಗೆ ಸೌಂಡ್ ಬ್ಯಾಂಕ್ ಅಂತ ಹೆಸರು. ನಮ್ಮ ಮನೆಯ ಒಗ್ಗರಣೆ ಡಬ್ಬಿ ಥರ ಅಂದುಕೊಳ್ಳಿ. ಏಳೆಂಟು ಬಟ್ಟಲು, ಅಷ್ಟರಲ್ಲೇ ಎಲ್ಲಾ ಅಡುಗೆ ಆಗಬೇಕು. ಯಾವ ಬಟ್ಟಲಿಗೆ ಏನು ಹಾಕುತ್ತೀರಿ ಅನ್ನುವುದರ ಮೇಲೆ ರುಚಿ.

ಈ ಚಿಪ್ಪನ್ನು ಸೋನಿ ಕಂಪನಿಯಲ್ಲಿದ್ದ ಕೆನ್ ಕುತರಾಗಿ ಅನ್ನುವ ಎಂಜಿನಿಯರ್ ರೂಪಿಸಿದರು. ಮುಂದೆ ಪ್ಲೇಸ್ಟೇಷನ್ ಹುಟ್ಟಿಸಿದವರೂ ಅವರೇ! ಆಟ ನಡೆಸುವ ಕಂಪ್ಯೂಟರಿಗೂ ಸಂಗೀತದ ಚಿಪ್ಪಿಗೂ ಮಧ್ಯೆ ಇರೋದು ಬರೀ ನಾಲ್ಕು ಕಿಟಕಿ, ಒಂದೊಂದರಲ್ಲಿ ಒಂದು ಬೈಟ್ ಮಾತ್ರ ಹಿಡಿಸುತ್ತದೆ. ಇಡೀ ಸೌಂಡ್ ಬ್ಯಾಂಕ್ ಆ ಕಿಟಕಿಗಳ ಮೂಲಕವೇ ತೂರಿಕೊಂಡು ಒಳಗೆ ಹೋಗಬೇಕು. ಹಳೇ ಆಟಗಳಲ್ಲಿ ಹೊಸ ಹಂತ ಶುರುವಾಗುವಾಗ ಪರದೆ ಒಂದು ಕ್ಷಣ ಕಪ್ಪಾಗಿ ನಿಲ್ಲುತ್ತದಲ್ಲ, ಎಷ್ಟೋ ಸಲ ಒಳಗೆ ನಡೀತಾ ಇರೋದು ಈ ಸಾಗಾಣಿಕೆ.

ಈಗ ಒಂದು ಲೆಕ್ಕ. ಪೆನ್ಸಿಲ್ ತಗೊಳ್ಳಿ.

ಸಂಗೀತದ ಚಿಪ್ಪಿನ ಹತ್ತಿರ ಇರುವ ಜಾಗ 64 ಕೆಬಿ, ಅಂದರೆ 65,536 ಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ 3 ಎಂಬಿ ಇದ್ದರೆ, ಅದು ಇದರ 48 ಪಟ್ಟು! ಚಿಪ್ಪು ಸೆಕೆಂಡಿಗೆ 32,000 ಅಂಕಿಗಳನ್ನು ಸ್ಪೀಕರಿಗೆ ಕಳಿಸುತ್ತದೆ. ರೆಕಾರ್ಡ್ ಮಾಡಿದ ಶಬ್ದ ಅಂದರೆ ಇದೇ, ಗಾಳಿ ಅಲುಗಿದ್ದನ್ನು ಅಳೆದು ಬರೆದ ಅಂಕಿಗಳ ಸಾಲು. ಒಂದೊಂದು ಅಂಕಿಯನ್ನೂ ಪೂರ್ತಿಯಾಗಿ ಬರೆದರೆ 2 ಬೈಟ್ ಬೇಕು. ಆದರೆ ಚಿಪ್ಪು ಒಂದು ಉಪಾಯ ಮಾಡುತ್ತದೆ. 16 ಅಂಕಿಗಳನ್ನು ಒಂದು ಕಂತೆ ಕಟ್ಟುತ್ತದೆ. ಕಂತೆಯ ತಲೆಯಲ್ಲಿ ಒಂದು ಬೈಟ್: "ಈ ಕಂತೆಯ ಸದ್ದು ಎಷ್ಟು ದೊಡ್ಡದು, ಮುಂದಿನ ಅಂಕಿಯನ್ನು ಹಿಂದಿನ ಅಂಕಿಗಳಿಂದ ಹೇಗೆ ಊಹಿಸಬೇಕು" ಅಂತ. ಆಮೇಲೆ ಒಂದೊಂದು ಅಂಕಿಗೂ ಬರೀ ಅರ್ಧ ಬೈಟ್, ಅಂದರೆ -8ರಿಂದ 7ರವರೆಗಿನ ಒಂದು ತಿದ್ದುಪಡಿ. ಒಟ್ಟು 9 ಬೈಟಿನಲ್ಲಿ 16 ಅಂಕಿ.

ಹಾಗಾದರೆ ಒಂದು ಸೆಕೆಂಡಿನ ಶಬ್ದಕ್ಕೆ ಎಷ್ಟು ಜಾಗ? 32,000 ÷ 16 × 9 = 18,000 ಬೈಟ್. ಇಡೀ 64 ಕೆಬಿಯಲ್ಲಿ ಹಿಡಿಸೋದು ಸುಮಾರು ಮೂರೂವರೆ ಸೆಕೆಂಡು, ಸ್ವಲ್ಪ ಜಾಸ್ತಿ. ಸಿಡಿಯ ಗುಣಮಟ್ಟದಲ್ಲಾಗಿದ್ದರೆ ಅರ್ಧ ಸೆಕೆಂಡೂ ಇಲ್ಲ.

ಮೂರೂವರೆ ಸೆಕೆಂಡಿನಲ್ಲಿ ವೀಣೆ, ಮೃದಂಗ, ತಂಬೂರಿ, ಜಾಗಟೆ ಎಲ್ಲಾ! ಅದೂ ಪೂರ್ತಿ ಮೂರೂವರೆ ಸಿಗೋದಿಲ್ಲ. ಹಾಡು ನುಡಿಸುವ ಪ್ರೋಗ್ರಾಂ ಅಲ್ಲೇ ಕೂರಬೇಕು. ಹಾಡಿನ ಸ್ವರಗಳ ಪಟ್ಟಿ ಅಲ್ಲೇ. ಪ್ರತಿಧ್ವನಿ ಬೇಕು ಅಂದರೆ ಅದೂ ಅಲ್ಲೇ, ಪ್ರತಿ 16 ಮಿಲಿಸೆಕೆಂಡಿಗೆ 2 ಕೆಬಿ ಬಾಡಿಗೆ. ನಮ್ಮ ಹುಡುಗರು ಮೊದಲ ದಿನವೇ 160 ಮಿಲಿಸೆಕೆಂಡ್ ಪ್ರತಿಧ್ವನಿ ಇಟ್ಟರು, ದೇವಸ್ಥಾನದ ಮಂಟಪದಲ್ಲಿ ಕೇಳಿದ ಹಾಗಿರಲಿ ಅಂತ. 20 ಕೆಬಿ ಹೋಯಿತು. ಮೂರನೇ ಒಂದು ಭಾಗ! ಆಮೇಲೆ ಬೇಜಾರು ಮಾಡಿಕೊಂಡು 64 ಮಿಲಿಸೆಕೆಂಡಿಗೆ ಇಳಿಸಿ 8 ಕೆಬಿಗೆ ತಂದರು. ಮಂಟಪ ಹೋಗಿ ನಮ್ಮ ಮನೆ ಬೇಸ್‌ಮೆಂಟ್ ಆಯಿತು, ಪರವಾಗಿಲ್ಲ.

ಈಗ ವೀಣೆಯ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕು ಅಂದರೆ ಈ ಲೇಖನ ಬರೆದದ್ದೇ ಅದಕ್ಕೆ.

ನನ್ನ ಅಮ್ಮ, ಅಂದರೆ ನನ್ನ ಮಗಳ ಅಜ್ಜಿ, ಮೈಸೂರಲ್ಲಿದ್ದಾರೆ. ನಾನು ಚಿಕ್ಕವನಿದ್ದಾಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ವೀಣೆ ನುಡಿಸುತ್ತಿದ್ದರು. ಈಗ ಕೆಲವು ವರ್ಷದಿಂದ ಎಡಗೈ ಬೆರಳುಗಳಲ್ಲಿ ಗಂಟುನೋವು. ತಂತಿ ಒತ್ತೋಕೆ, ಎಳೆಯೋಕೆ ಆಗೋದಿಲ್ಲ. ವೀಣೆ ಬಟ್ಟೆ ಸುತ್ತಿಕೊಂಡು ದೇವರ ಕೋಣೆಯ ಮೂಲೆಯಲ್ಲಿ ಕೂತಿದೆ. ಮಗಳು "ಆಟಕ್ಕೆ ಅಜ್ಜಿ ವೀಣೇನೇ ಬೇಕು" ಅಂತ ಹಟ ಹಿಡಿದಾಗ ನಾನು ಬೇಡ ಅಂದೆ. ಇಲ್ಲದ ನೋವು ಯಾಕೆ ಕೆದಕೋದು ಅಂತ. ಅವಳು ನನ್ನ ಮಾತು ಕೇಳದೆ ತಾನೇ ಫೋನ್ ಮಾಡಿದಳು.

"ಅಜ್ಜಿ, ಜಾಸ್ತಿ ಏನೂ ಬೇಡ. ಒಂದು ಸ ಸಾಕು."

"ಒಂದೇ ಒಂದು ಸ ಇಟ್ಕೊಂಡು ಏನೇ ಮಾಡ್ತೀಯಾ?"

"ಮಿಕ್ಕಿದ್ದೆಲ್ಲಾ ಚಿಪ್ಪು ಮಾಡತ್ತೆ."

ಸಾರಣಿ ತಂತಿಯನ್ನು ಒತ್ತದೆ ಸುಮ್ಮನೆ ಮೀಟಿದರೆ ಬರೋದು ಷಡ್ಜ. ಅದಕ್ಕೆ ಬಲಗೈ ಮಾತ್ರ ಸಾಕು. ನನ್ನ ಅಣ್ಣನ ಮಗ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ. ಮೊದಲನೆಯದರಲ್ಲಿ ಹಿಂದೆ ಮಿಕ್ಸಿ ಓಡ್ತಾ ಇತ್ತು, ಎರಡನೆಯದರಲ್ಲಿ ಫ್ಯಾನು, ಮೂರನೆಯದರಲ್ಲಿ ಕೋಗಿಲೆ. ನಾಲ್ಕನೆಯದು ಚೆನ್ನಾಗಿತ್ತು. ಫ್ಯಾನ್ ಸದ್ದು ಅಷ್ಟೇನೂ ತೊಂದರೆ ಇಲ್ಲ ಅಂತ ನನಗೆ ಮೊದಲು ಅನ್ನಿಸಿತ್ತು, ಆದರೆ ಯಾಕೆ ತೊಂದರೆ ಅಂತ ಮುಂದೆ ಗೊತ್ತಾಗುತ್ತದೆ.

ವೀಣೆಯ ಒಂದು ಮೀಟು ನಾಲ್ಕೈದು ಸೆಕೆಂಡು ಮೊಳಗುತ್ತದೆ. ನಮ್ಮ ಹತ್ತಿರ ಇರೋದು ಎಲ್ಲಾ ಸೇರಿ ಮೂರೂವರೆ. ಆದರೆ ಆ ಶಬ್ದವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಬೆರಳು ತಾಕಿದ ಮೊದಲ ಅರ್ಧ ಸೆಕೆಂಡು ಬಹಳ ಗಲಿಬಿಲಿ, ಒಂದು ಅಲೆ ಇದ್ದ ಹಾಗೆ ಇನ್ನೊಂದಿಲ್ಲ. ಇದು ವೀಣೆ ಅಂತ ನಮ್ಮ ಕಿವಿಗೆ ಗೊತ್ತಾಗೋದು ಅಲ್ಲೇ. ಆಮೇಲೆ ಒಂದೇ ಥರದ ಅಲೆ ಮತ್ತೆ ಮತ್ತೆ ಬರುತ್ತದೆ, ನಿಧಾನವಾಗಿ ಸಣ್ಣಗಾಗುತ್ತಾ. ಹಾಗಾಗಿ ಮೊದಲ ಭಾಗವನ್ನು ಪೂರ್ತಿ ಇಟ್ಟುಕೊಳ್ಳೋದು, ಉಳಿದದ್ದರಲ್ಲಿ ಒಂದು ತುಣುಕನ್ನು ಮಾತ್ರ ಇಟ್ಟುಕೊಂಡು ಸುತ್ತು ಹಾಕಿಸೋದು. ಇದಕ್ಕೆ ಲೂಪ್ ಅನ್ನುತ್ತಾರೆ. ಸದ್ದು ಸಣ್ಣಗಾಗುವ ಕೆಲಸವನ್ನು ಚಿಪ್ಪಿಗೇ ಒಪ್ಪಿಸಬಹುದು. ಎಷ್ಟು ಬೇಗ ಏಳಬೇಕು, ಎಷ್ಟು ಇಳಿದು ನಿಲ್ಲಬೇಕು, ಹೇಗೆ ಆರಿಹೋಗಬೇಕು ಅಂತ ಒಂದೊಂದು ದನಿಗೂ ಹೇಳಬಹುದು. ದೇವಸ್ಥಾನದ ಗಂಟೆ ಥಟ್ಟನೆ ಎದ್ದು ನಿಧಾನ ಆರುತ್ತದೆ, ಕುಕ್ಕರ್ ವಿಷಲ್ ನಿಧಾನ ಎದ್ದು ಥಟ್ಟನೆ ನಿಲ್ಲುತ್ತದೆ. ವೀಣೆ ಗಂಟೆಯ ಜಾತಿ.

ಹೇಳೋಕೆ ಸುಲಭ. ಮೊದಲ ಪ್ರಯತ್ನದಲ್ಲಿ ಮಗಳು ಬರೀ ಒಂದು ಅಲೆಯನ್ನು ಲೂಪ್ ಮಾಡಿದಳು. ವೀಣೆ ಅರ್ಧ ಸೆಕೆಂಡು ವೀಣೆಯಾಗಿದ್ದು ಆಮೇಲೆ ಹಾರ್ಮೋನಿಯಂ ಆಯಿತು. ನಿಜವಾದ ತಂತಿಯಲ್ಲಿ ಅಲೆಗಳು ಒಂದೇ ಥರ ಇದ್ದರೂ ಪೂರ್ತಿ ಒಂದೇ ಅಲ್ಲ, ಆ ಸಣ್ಣ ವ್ಯತ್ಯಾಸವೇ ಜೀವ. ಅದಕ್ಕೆ ಎಂಟು ಅಲೆ ತಗೊಂಡಳು. ಈಗ ಫ್ಯಾನ್ ಕಥೆ: ಫ್ಯಾನಿನ ಸದ್ದು ಇದ್ದ ರೆಕಾರ್ಡಿಂಗಿನಲ್ಲಿ ಆ ಸದ್ದಿನ ಒಂದು ಚೂರು ಲೂಪಿನ ಒಳಗೆ ಸಿಕ್ಕಿಕೊಂಡು ಸೆಕೆಂಡಿಗೆ ಇಪ್ಪತ್ತು ಸಲ ಸುತ್ತುತ್ತದೆ. ಮೊದಲು ಗಾಳಿ ಥರ ಕೇಳುತ್ತಿದ್ದದ್ದು ಈಗ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ ಕೇಳುತ್ತದೆ.

ಮುಂದಿನ ತೊಂದರೆ ಇನ್ನೂ ಮಜವಾಗಿದೆ. ಚಿಪ್ಪು 16ರ ಕಂತೆ ಬಿಟ್ಟು ಬೇರೆ ಅಳತೆ ಒಪ್ಪೋದಿಲ್ಲ. ಲೂಪ್ ಎಷ್ಟು ಉದ್ದ ಇದ್ದರೂ 16ರ ಮಗ್ಗಿಯಲ್ಲೇ ಇರಬೇಕು. ಅಮ್ಮನ ಸಾರಣಿ ತಂತಿ ನಮ್ಮ ಅಳತೆಯಲ್ಲಿ ಸೆಕೆಂಡಿಗೆ 165 ಸಲ ಅಲುಗುತ್ತಿತ್ತು. ಜಾಗ ಉಳಿಸೋಕೆ ನಾವು ಶಬ್ದವನ್ನು ಸೆಕೆಂಡಿಗೆ 16,000 ಅಂಕಿಗೆ ಇಳಿಸಿದ್ದೆವು. 16,000 ÷ 165 ಅಂದರೆ ಒಂದು ಅಲೆಗೆ ಸುಮಾರು 97 ಅಂಕಿ. 97 ಹದಿನಾರರ ಮಗ್ಗಿಯಲ್ಲಿ ಬರುತ್ತಾ? 16 ಆರಲೆ 96. ಒಂದು ತಾನೇ ವ್ಯತ್ಯಾಸ ಅಂತ ಅಲೆಯನ್ನು 96ಕ್ಕೇ ಹಿಸುಕಿ ಸುತ್ತು ಹಾಕಿಸಿದೆವು. ಮೀಟಿದಾಗ 165, ಲೂಪಿಗೆ ಬಂದ ಕೂಡಲೆ 16,000 ÷ 96, ಅಂದರೆ ಸುಮಾರು 167. ಪ್ರತಿ ಸ್ವರವೂ ಶುರುವಾಗಿ ಅರ್ಧ ಸೆಕೆಂಡಿಗೆ ಸ್ವಲ್ಪ ಮೇಲಕ್ಕೆ ಜಾರುತ್ತಿತ್ತು. ನನಗೆ ಕೇಳಿಸಲೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ಕೇಳಿಸಿದಾಗ ಅವರು ಕನ್ನಡಕ ತೆಗೆದು, "ಇದೇನೋ, ತಂತಿ ಬಿಗಿ ಮಾಡ್ತಾ ಮಾಡ್ತಾ ನುಡಿಸಿದ ಹಾಗಿದೆ" ಅಂದರು.

ಪರಿಹಾರ ಮಗಳೇ ಕಂಡುಹಿಡಿದಳು. ಅಲೆಯನ್ನು ಹಿಸುಕೋ ಬದಲು ಅಳತೆಯನ್ನೇ ಬದಲಾಯಿಸೋದು. ಸೆಕೆಂಡಿಗೆ 16,000 ಬದಲು 165 × 96 = 15,840 ಅಂಕಿ ಇಟ್ಟರೆ ಒಂದು ಅಲೆಗೆ ಸರಿಯಾಗಿ 96. ಶುರುವಿನ ಅರ್ಧ ಸೆಕೆಂಡು 7,920 ಅಂಕಿ, ಅಂದರೆ 495 ಕಂತೆ, 4,455 ಬೈಟ್. ಎಂಟು ಅಲೆಯ ಲೂಪು 768 ಅಂಕಿ, 48 ಕಂತೆ, 432 ಬೈಟ್. ಒಟ್ಟು 4,887. ಅಮ್ಮನ ವೀಣೆ ಐದು ಕೆಬಿಯೊಳಗೆ ಕೂತಿತು. (ಲೂಪಿನ ಬಾಯಲ್ಲಿ "ಟಕ್" ಅನ್ನುವ ಸದ್ದು ಒಂದು ವಾರ ಕಾಡಿತು. ಕಂತೆಯು ಮುಂದಿನ ಅಂಕಿಯನ್ನು ಹಿಂದಿನದರಿಂದ ಊಹಿಸುತ್ತದೆ ಅಂದೆನಲ್ಲ. ಲೂಪ್ ಹಿಂದಕ್ಕೆ ನೆಗೆದಾಗ ಹಿಂದಿನ ಅಂಕಿಗಳು ಬೇರೆಯಾಗಿರುತ್ತವೆ, ಊಹೆ ತಪ್ಪುತ್ತದೆ. ಲೂಪಿನ ಮೊದಲ ಕಂತೆಗೆ ಮಾತ್ರ "ಊಹಿಸಬೇಡ" ಅಂತ ಹೇಳಿದರೆ ಸರಿಹೋಗುತ್ತದೆ.)

ಇನ್ನು ಒಂದು ಸ ಇಂದ ಬೇರೆ ಸ್ವರ ಬರಿಸೋದು ಹೇಗೆ? ಹಳೇ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಬೇಗ ಓಡಿಸಿದರೆ ಲತಾ ಮಂಗೇಶ್ಕರ್ ಇಲಿಮರಿ ಆಗುತ್ತಿದ್ದರು, ಅಪ್ಪ ಅಮ್ಮನ್ನ ಕೇಳಿ. ಅದೇ ತತ್ವ. ಅಂಕಿಗಳನ್ನು ಬೇಗ ಓದಿದರೆ ಸ್ವರ ಏರುತ್ತದೆ, ನಿಧಾನ ಓದಿದರೆ ಇಳಿಯುತ್ತದೆ. ಎಷ್ಟು ಬೇಗ ಅನ್ನೋದಕ್ಕೆ ಚಿಪ್ಪಿನಲ್ಲಿ ಪ್ರತಿ ದನಿಗೂ ಒಂದು ಸಂಖ್ಯೆ ಇದೆ. 4096 ಅಂದರೆ ಬರೆದಿಟ್ಟ ವೇಗ, ಸೆಕೆಂಡಿಗೆ 32,000. 8192 ಅಂದರೆ ಎರಡು ಪಟ್ಟು, ಅದೇ ಸ್ವರ ಒಂದು ಸ್ಥಾಯಿ ಮೇಲೆ. 16,383ಕ್ಕಿಂತ ಮೇಲೆ ಹೋಗೋಕಾಗಲ್ಲ. ತುಂಬಾ ಮೇಲೆ ಹೋದರೆ ವೀಣೆ ಮ್ಯಾಂಡೊಲಿನ್ ಥರ ಕೇಳುತ್ತದೆ, ಬೆರಳು ತಾಕಿದ ಸದ್ದೂ ಚಿಕ್ಕದಾಗಿ ಬಿಡುತ್ತದೆ. ನಾವು ಒಂದೂವರೆ ಸ್ಥಾಯಿಯಲ್ಲೇ ಹಾಡು ಕಟ್ಟಿದೆವು.

ಸ್ವರ ಬರೆಯೋದು ಟ್ರ್ಯಾಕರ್ ಅನ್ನುವ ಪ್ರೋಗ್ರಾಮಿನಲ್ಲಿ. 1987ರಲ್ಲಿ ಕಾರ್ಸ್ಟೆನ್ ಒಬಾರ್ಸ್ಕಿ ಅನ್ನುವವರು ಅಮಿಗಾ ಕಂಪ್ಯೂಟರಿಗೆ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಮಾಡಿದರು, ಆಮೇಲೆ ಬಂದ ಟ್ರ್ಯಾಕರ್‌ಗಳೆಲ್ಲ ಅದರ ವಂಶ. ನಾವು ಬಳಸಿದ್ದು ಉಚಿತವಾಗಿ ಸಿಗುವ ಓಪನ್‌ಎಂಪಿಟಿ. ಅದರಲ್ಲಿ ಮಾಡಿದ ಹಾಡನ್ನು ಸೂಪರ್ ನಿಂಟೆಂಡೊಗೆ ಬೇಕಾದ ಸೌಂಡ್ ಬ್ಯಾಂಕ್ ಮಾಡಿಕೊಡೋಕೆ ಸ್ನೆಸ್‌ಮಾಡ್ ಅನ್ನುವ ಸಾಧನ ಇದೆ, ಅದೂ ಉಚಿತ. ಟ್ರ್ಯಾಕರ್ ಪರದೆ ಮೊದಲ ಸಲ ನೋಡಿದರೆ ಬ್ಯಾಂಕಿನ ಲೆಕ್ಕದ ಪುಸ್ತಕದ ಥರ ಇದೆ, ಹೆದರಬೇಡಿ. ಮೇಲಿಂದ ಕೆಳಕ್ಕೆ ಸಾಲುಗಳು, ಪಕ್ಕಪಕ್ಕಕ್ಕೆ ಎಂಟು ದನಿ. ಸಾಮಾನ್ಯವಾಗಿ ಒಂದು ಪುಟಕ್ಕೆ 64 ಸಾಲು. ಶನಿವಾರ ಪಾಟಿನ ಕ್ಲಾಸಿಗೂ ಹೋಗುವವರಿಗೆ ಇದು ಸಲೀಸು. ಆದಿತಾಳದ ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕು ಸಾಲು, ಒಂದು ಆವರ್ತಕ್ಕೆ 32. ಒಂದು ಪುಟದಲ್ಲಿ ಎರಡು ಆವರ್ತ. ನಮ್ಮ ಸಂತೆಯ ಹಾಡು ಮಾಯಾಮಾಳವಗೌಳದಲ್ಲಿ, ಸರಳೆ ವರಸೆಯ ರಾಗ, ಮೂವರಿಗೂ ಬಾಯಿಗೆ ಬರುತ್ತಿತ್ತು.

ಹಾಡು ಸಿದ್ಧವಾದ ಮೇಲೆ ಮತ್ತೆ ಮೈಸೂರಿಗೆ ಫೋನು. ಈ ಸಲ ತಂತಿ ಬಿಗಿ ಮಾಡಿದ ಹಾಗಿಲ್ಲ. ಅಜ್ಜಿ ಒಂದು ಆವರ್ತ ಕೇಳಿ, ಎರಡನೇದು ಕೇಳಿ, "ಗಾಂಧಾರ ಜಾಸ್ತಿ ಆಯ್ತು ಕಣೇ" ಅಂದರು.

ಮಗಳು ಟ್ರ್ಯಾಕರ್ ನೋಡಿದಳು. ಸರಿಯಾಗೇ ಬರೆದಿದ್ದಳು. ನಾನು ಫೋನಿನ ಶ್ರುತಿ ಪೆಟ್ಟಿಗೆ ಆ್ಯಪ್ ಹಾಕಿ ನೋಡಿದೆ. ಅಜ್ಜಿ ಹೇಳಿದ್ದು ಸರಿ. ಕಂಪ್ಯೂಟರ್ ಹೇಳಿದ್ದೂ ಸರಿ! ಇಬ್ಬರ ಗಾಂಧಾರವೂ ಬೇರೆ.

ಕೀಬೋರ್ಡಿನಲ್ಲಿ, ಟ್ರ್ಯಾಕರಿನಲ್ಲಿ, ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಮೆಟ್ಟಿಲು ಮಾಡಿರುತ್ತಾರೆ. ಒಂದು ಮೆಟ್ಟಿಲು ಹತ್ತಿದರೆ ಸುಮಾರು 1.0595ರಿಂದ ಗುಣಿಸಿದ ಹಾಗೆ. ಹನ್ನೆರಡು ಸಲ ಗುಣಿಸಿದರೆ 2 ಬರುತ್ತದೆ, ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿ. ಅಂತರ ಗಾಂಧಾರ ನಾಲ್ಕನೇ ಮೆಟ್ಟಿಲು. ಲೆಕ್ಕಕ್ಕೆ ಸುಲಭವಾಗಲಿ ಅಂತ ಸ ಅನ್ನು 4096 ಅಂದುಕೊಳ್ಳೋಣ. ನಾಲ್ಕು ಮೆಟ್ಟಿಲು ಹತ್ತಿದರೆ 5161. ಆದರೆ ಅಜ್ಜಿ ಕೇಳಿಕೊಂಡು ಬೆಳೆದ ಗಾಂಧಾರ ಬೇರೆ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ, ಯಾರೂ ನುಡಿಸದೇ ಇದ್ದರೂ ಒಳಗಿಂದ ತಾನಾಗಿ ಒಂದು ಗಾಂಧಾರ ಕೇಳುತ್ತದೆ, ಅದು. ಅದರ ಲೆಕ್ಕ ಸ ಇಂದ 5/4. 4096 × 5 ÷ 4 = 5120. ಯಂತ್ರದ್ದು 5161, ತಂಬೂರಿಯದ್ದು 5120. ಹಿಂದೆ ತಂಬೂರಿಯ ಶಬ್ದವನ್ನೂ ನಾವೇ ಹಾಕಿದ್ದರಿಂದ ಎರಡೂ ಒಂದಕ್ಕೊಂದು ಜಗಳ ಆಡುತ್ತಿದ್ದವು. ಪಂಚಮದಲ್ಲಿ ಈ ತೊಂದರೆ ಕಾಣೋದೇ ಇಲ್ಲ: 3/2 ಲೆಕ್ಕದಲ್ಲಿ 6144, ಯಂತ್ರದ್ದು 6137, ಅಕ್ಕಪಕ್ಕ.

ನಿಜವಾದ ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ ಕಿವಿಯಿಂದ ಸರಿಮಾಡುತ್ತಾರೆ, ಮಿಕ್ಕಿದ್ದನ್ನು ಬೆರಳು ನೋಡಿಕೊಳ್ಳುತ್ತದೆ. ನಮಗೆ ಬೆರಳಿಲ್ಲ. ಆದರೆ ಚಿಪ್ಪಿಗೆ 5161ನ್ನೇ ಹಾಕಬೇಕು ಅಂತ ಏನೂ ಹಟ ಇಲ್ಲ. ಹನ್ನೆರಡು ಮೆಟ್ಟಿಲಿನ ಹಟ ಟ್ರ್ಯಾಕರಿನದ್ದು ಮಾತ್ರ. ಟ್ರ್ಯಾಕರಿನಲ್ಲಿ ಪ್ರತಿ ಸ್ವರದ ಪಕ್ಕ ಒಂದು ಆಜ್ಞೆ ಬರೆಯಬಹುದು, ಅದರಲ್ಲಿ ಒಂದು: ಒಂದು ಮೆಟ್ಟಿಲಿನ 64ರಲ್ಲಿ ಇಷ್ಟು ಪಾಲು ಕೆಳಗಿಳಿಸು. ಗಾಂಧಾರಕ್ಕೆ 9 ಪಾಲು ಇಳಿಸಿದರೆ ಕೂದಲೆಳೆಯಷ್ಟು ಹತ್ತಿರಕ್ಕೆ 5120 ಸಿಗುತ್ತದೆ. ಇಡೀ ಹಾಡಿನಲ್ಲಿ ಎಲ್ಲೆಲ್ಲಿ ಗಾಂಧಾರ ಇದೆಯೋ ಅಲ್ಲೆಲ್ಲ ಮಗಳು ಕೂತು ಒಂದೊಂದಾಗಿ ಬರೆದಳು. ಎರಡು ಭಾನುವಾರ ಹಿಡಿಯಿತು. ಗಮಕಕ್ಕೂ ಇದೇ ದಾರಿ. ಸ್ವರದಿಂದ ಸ್ವರಕ್ಕೆ ಜಾರೋದಕ್ಕೆ ಒಂದು ಆಜ್ಞೆ, ಸ್ವರವನ್ನು ಅಲುಗಿಸೋದಕ್ಕೆ ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಜಾರು ಚೆನ್ನಾಗಿ ಬರುತ್ತದೆ. ಕಂಪಿತ ಮಾತ್ರ ಎಷ್ಟು ಮಾಡಿದರೂ ಯಂತ್ರದ ಥರವೇ ಕೇಳುತ್ತದೆ, ಒಂದೇ ವೇಗದಲ್ಲಿ ಅಲುಗುತ್ತದೆ ನೋಡಿ, ಅದಕ್ಕೆ. ರಿಷಭಕ್ಕೆ ಅವಳು ಆಜ್ಞೆ ಬಿಟ್ಟು ಒಂದೊಂದು ಸಾಲಿನಲ್ಲೂ ಕೈಯಿಂದಲೇ ಏರಿಳಿತ ಬರೆದಳು.

ಎಂಟು ದನಿಗಳಲ್ಲಿ ವೀಣೆಗೆ ಎರಡು ಕೊಟ್ಟೆವು, ಒಂದು ಮೀಟು ಆರೋ ಮುಂಚೆ ಇನ್ನೊಂದು ಶುರುವಾಗಲಿ ಅಂತ. ತಂಬೂರಿಗೆ ಒಂದು, ಕೆಳಸ್ಥಾಯಿಗೆ ಒಂದು, ಮೃದಂಗಕ್ಕೆ ಎರಡು, ಜಾಗಟೆಗೆ ಒಂದು. ಎಂಟನೆಯದು ಆಟದ ಸದ್ದುಗಳಿಗೆ. ಆ ಜಾಗಟೆ ನಿಜವಾಗಿ ನಮ್ಮ ಮನೆಯ ಸ್ಟೀಲ್ ತಟ್ಟೆ, ಮರದ ಸೌಟಿನಿಂದ ಹೊಡೆದದ್ದು, ಅರ್ಧ ವೇಗದಲ್ಲಿ. ಈ ಥರದ ಹಂಚಿಕೆ ದೊಡ್ಡವರೂ ಮಾಡಿದ್ದಾರೆ. ಸೂಪರ್ ಮಾರಿಯೋ ವರ್ಲ್ಡ್ ಆಡಿದ್ದರೆ ಗಮನಿಸಿ: ಮಾರಿಯೋ ಯೋಶಿ ಬೆನ್ನೇರಿದ ಕೂಡಲೆ ಅದೇ ಹಾಡಿಗೆ ಡೋಲಿನ ಪೆಟ್ಟು ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. ಅದನ್ನು ಮಾಡಿದವರು ಕೋಜಿ ಕೊಂಡೊ. 1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿ ಡೇವಿಡ್ ವೈಸ್ ನೀರಿನೊಳಗಿನ ಹಂತಕ್ಕೆ ಮಾಡಿದ ಸಂಗೀತ ಕೇಳಿದರೆ ಇದು 64 ಕೆಬಿ ಅಂತ ನಂಬೋದಕ್ಕಾಗಲ್ಲ. ಪುಟ್ಟ ಪುಟ್ಟ ಅಲೆಗಳನ್ನು ಒಂದರ ಹಿಂದೆ ಒಂದು ಪೋಣಿಸಿ, ಒಂದೇ ದೊಡ್ಡ ಮೃದುವಾದ ಶಬ್ದದ ಹಾಗೆ ಮಾಡಿದ್ದಾರೆ. ಅದೇ ವರ್ಷದ ಫೈನಲ್ ಫ್ಯಾಂಟಸಿಯ ಆರನೇ ಆಟದಲ್ಲಿ ನೊಬುವೊ ಉಯೆಮಾತ್ಸು ಒಂದು ಇಡೀ ಆಪೆರಾ ದೃಶ್ಯ ಬರೆದರು. ಚಿಪ್ಪಿಗೆ ಮಾತು ಹಾಡೋಕೆ ಬರಲ್ಲ, ಹಾಗಾಗಿ ದನಿಯಂಥ ಒಂದು ಶಬ್ದ ರಾಗ ಎಳೆಯುತ್ತದೆ, ಮಾತು ಪರದೆಯ ಮೇಲೆ ಬರುತ್ತದೆ.

ನಮಗೂ ಮಾತಿನ ಆಸೆ ಇತ್ತು. ಹುಡುಗಿ ಮನೆ ಸೇರಿದಾಗ ಅಜ್ಜಿ "ಶಭಾಷ್!" ಅನ್ನಬೇಕು. ಅರವತ್ತು ಶತಾಂಶ ಸೆಕೆಂಡು, ಪೂರ್ತಿ ಗುಣಮಟ್ಟದಲ್ಲಿ 10,800 ಬೈಟ್. ಅಷ್ಟು ಜಾಗ ಎಲ್ಲಿದೆ? ಸೆಕೆಂಡಿಗೆ 8,000 ಅಂಕಿಗೆ ಇಳಿಸಿದರೆ 2,700. ಇಳಿಸಿದೆವು. ಅಜ್ಜಿ "ಹಬಾ" ಅಂದರು! ಯಾಕೆ ಅಂದರೆ, ಸೆಕೆಂಡಿಗೆ 8,000 ಸಲ ಅಳೆದರೆ ಅದರ ಅರ್ಧ, 4,000 ಅಲುಗಾಟದವರೆಗಿನ ಶಬ್ದ ಮಾತ್ರ ಉಳಿಯುತ್ತದೆ. ಶ, ಷ, ಸ ಈ ಅಕ್ಷರಗಳ "ಸ್ಸ್" ಬಹಳಷ್ಟು ಅದರ ಮೇಲೇ ಇರೋದು. ಅದೆಲ್ಲ ಸೋರಿಹೋಯಿತು. ಅವರ್ಗೀಯ ವ್ಯಂಜನ ಅಂತ ನಾನು ಕ್ಲಾಸಿನಲ್ಲಿ ಹೇಳಿಕೊಡುವಾಗ ಆಕಳಿಸುವ ಹುಡುಗರು ಅವತ್ತು ತಾವಾಗಿ ವರ್ಣಮಾಲೆ ಇಟ್ಟುಕೊಂಡು ಕೂತು, ಶ-ಷ-ಸ ಇಲ್ಲದ ಮೆಚ್ಚುಗೆಯ ಮಾತು ಹುಡುಕಿದರು. ಕೊನೆಗೆ ಹೊಳೆದದ್ದು ಅಜ್ಜಿಗೇ: "ಭಲೆ ಭಲೆ ಅಂತೀನಿ ಬಿಡಿ." 8,000ದಲ್ಲೂ ಅದು ಸ್ಪಷ್ಟವಾಗಿ ಕೇಳುತ್ತದೆ. ಆಟ ಗೆದ್ದವರು ಕೇಳಿದ್ದೀರಿ.

ರಾಜ್ಯೋತ್ಸವದ ದಿನ ಹಾಲಿನ ಗದ್ದಲದಲ್ಲಿ ನಾನು ವಿಡಿಯೋ ಕಾಲ್ ಹಾಕಿ ಫೋನನ್ನು ಟಿವಿ ಮುಂದೆ ಹಿಡಿದೆ. ಅಲ್ಲಿ ರಾತ್ರಿ ಆಗಿತ್ತು, ಅಮ್ಮ ಮಲಗದೆ ಕೂತಿದ್ದರು. ಯಾರೋ ಹುಡುಗ ಹಸುವಿಗೆ ಡಿಕ್ಕಿ ಹೊಡೆದು ಸೋತ, ಹಾಡು ಮೊದಲಿಂದ ಶುರುವಾಯಿತು. ಅಮ್ಮ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಎಡಗೈ ಬೆರಳು ಮಾತ್ರ ಮಡಿಲ ಮೇಲೆ, ಸೀರೆಯ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ ಓಡ್ತಾ ಇತ್ತು. ಆಮೇಲೆ ಮೊಮ್ಮಗಳನ್ನು ಕರೆದು, "ಗಾಂಧಾರ ಈಗ ಸರಿಯಾಯ್ತು. ನಿಷಾದ ನೋಡ್ಕೊಳ್ಳೇ, ಅದೂ ಜಾಸ್ತಿ ಇದೆ" ಅಂದರು.

ಅದನ್ನೀಗ ಸರಿಮಾಡ್ತಾ ಇದ್ದೇವೆ. ಲೆಕ್ಕ ನೀವೂ ಮಾಡಬಹುದು: ಕಾಕಲಿ ನಿಷಾದ ಸ ಇಂದ 15/8, ಯಂತ್ರದ್ದು ಹನ್ನೊಂದನೇ ಮೆಟ್ಟಿಲು, 7732. ಎಷ್ಟು ಇಳಿಸಬೇಕು ಅಂತ ಕಂಡುಹಿಡಿದವರು ಭಾನುವಾರ ನನಗೆ ಹೇಳಿ.

ಯುಗಾದಿಗೆ ಆಟದ ಎರಡನೇ ಹಂತ, ಜಾತ್ರೆ. ಅದಕ್ಕೆ ಹೊಸ ಸೌಂಡ್ ಬ್ಯಾಂಕ್ ಬೇಕು, ಈ ಸಲ ನಿಮ್ಮ ಮನೆಗಳಿಂದ. ಬೇರೆ ಆಟದಿಂದ, ಸಿನಿಮಾದಿಂದ ಕದ್ದ ಶಬ್ದ ಬೇಡ, ಅದು ಇನ್ನೊಬ್ಬರ ಕೆಲಸ. ಅಜ್ಜಿಯ ಬಳೆ, ತಾತನ ಕೆಮ್ಮು, ಊರಿನ ಬಾಗಿಲಿನ ಚಿಲಕ, ಏನಾದರೂ ಸರಿ, ಅರ್ಧ ಸೆಕೆಂಡಿನ ಒಳಗಿರಲಿ. ಊರಿಗೆ ಫೋನ್ ಮಾಡಿ ಕೇಳಿ, ಆದರೆ ರೆಕಾರ್ಡ್ ಮಾಡೋ ಮುಂಚೆ ಫ್ಯಾನು, ಮಿಕ್ಸಿ ಎರಡೂ ಆಫ್ ಮಾಡಿಸಿ.